ಎರೆ ನೆಲದ ಹಿತ್ತಲು

ಕಮತಗಿಯ ಹಿತ್ತಲುಗಳಲ್ಲಿ ಬೇಸಿಗೆ ಶಿವರಾತ್ರಿಗೇ ಶುರುವಾಗುತ್ತದೆ. ಬಿಳಿಜೋಳದ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ಊರ ಸುತ್ತಲಿನ ಎರೆಹೊಲ ಬಾಯಿ ಬಿಡುತ್ತದೆ, ಬೇವಿನ ಮರ ಎಲೆ ಉದುರಿಸಿ ಅಂಗಳ ತುಂಬುತ್ತದೆ. ಅಲ್ಲಿಂದ ಮೃಗಶಿರಾ ಮಳೆಯವರೆಗೆ ಸರಿಸುಮಾರು ನೂರು ದಿನ. ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನದ ತಾಪ 38–40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಹಜ. ಕೆಲವು ದಿನ ಅದನ್ನೂ ದಾಟುತ್ತದೆ. ನಡುವೆ ಗುಡುಗು, ಗಾಳಿ ಸಮೇತ ಒಂದೆರಡು ಅಡ್ಡಮಳೆ ಬಂದರೆ ಬಂತು, ಇಲ್ಲವೆಂದರೆ ಇಲ್ಲ.

ಬಾಗಲಕೋಟೆ ಜಿಲ್ಲೆ ಕರ್ನಾಟಕದ ಉತ್ತರ ಒಣ ವಲಯದಲ್ಲಿದೆ. ವರ್ಷದ ಮಳೆ 550–600 ಮಿ.ಮೀ. ಆಸುಪಾಸು. ಆ ಮಳೆಗೂ ಒಂದು ಚಾಳಿಯಿದೆ: ಜೂನ್‌ನಲ್ಲಿ ಒಂದಿಷ್ಟು ಸುರಿದು ಆಸೆ ಹುಟ್ಟಿಸುತ್ತದೆ, ಜುಲೈ–ಆಗಸ್ಟ್‌ನಲ್ಲಿ ಮುಖ ತಿರುಗಿಸುತ್ತದೆ, ಸೆಪ್ಟೆಂಬರ್‌ನಲ್ಲಿ ಧಾರಾಳವಾಗಿ ಬರುತ್ತದೆ. ಹಿಂಗಾರಿ ಜೋಳದ ಬಿತ್ತನೆ ನಂಬಿರುವುದು ಆ ಕೊನೆಯ ಮಳೆಯನ್ನೇ. ಬಾದಾಮಿ, ಹುನಗುಂದ, ಇಳಕಲ್ಲ ಕಡೆಯ ಮನೆತೋಟಕ್ಕೂ ಅದೇ ಆಧಾರ. ಹಿತ್ತಲಿನ ಗಿಡ ಒಣಗುವುದು ಮೇ ತಿಂಗಳಲ್ಲಾದರೂ, ಅದು ಉಳಿಯಬೇಕೋ ಬೇಡವೋ ಎಂಬುದು ಹಿಂದಿನ ಸೆಪ್ಟೆಂಬರ್‌ನಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಮಳೆಯ ನೀರು ಬೇರಿನ ಆಳಕ್ಕೆ ಇಳಿದಿದ್ದರೆ ಗಿಡ ಬೇಸಿಗೆಯನ್ನು ಹೇಗೋ ನೂಕುತ್ತದೆ. ಮೇಲೇ ಹರಿದು ಗಟಾರ ಸೇರಿದ್ದರೆ ಎಷ್ಟು ಕೊಡ ನೀರು ಹೊತ್ತು ಹಾಕಿದರೂ ಸಾಲದು.

ಹಳೆಯ ಹಿತ್ತಲು, ಹೊಸ ಕಂಪೌಂಡು

ಈ ಸೀಮೆಯ ಹಳೆಯ ಮನೆಗಳು ಮಣ್ಣಿನ ಮೇಲ್ಮುದ್ದೆಯವು. ಗೋಡೆ ದಪ್ಪ, ಕಿಟಕಿ ಸಣ್ಣದು, ಹಿಂದೆ ಬಚ್ಚಲು, ಬಚ್ಚಲಿಗೆ ಅಂಟಿಕೊಂಡೇ ಹಿತ್ತಲು. ಆ ಹಿತ್ತಲಿನ ವಿನ್ಯಾಸವನ್ನು ಯಾರೂ ಕಾಗದದ ಮೇಲೆ ಬರೆದವರಲ್ಲ, ಆದರೂ ಮನೆಯಿಂದ ಮನೆಗೆ ಹೆಚ್ಚು ವ್ಯತ್ಯಾಸವಿಲ್ಲ. ಬಚ್ಚಲ ಮೋರಿಯ ಬಾಯಿಗೆ ನಾಲ್ಕು ಬಾಳೆ, ಪಕ್ಕದಲ್ಲೊಂದು ಪಪ್ಪಾಯಿ. ಅಲ್ಲಿಂದ ತುಸು ದೂರ, ನೀರು ಸೋಸಿ ಬರುವಲ್ಲಿ, ಕರಿಬೇವು ಮತ್ತು ಲಿಂಬಿ. ಗೋಡೆಗೆ ಒರಗಿದ ನುಗ್ಗೆ. ಚಪ್ಪರದ ಮೇಲೆ ಹೀರಿ ಅಥವಾ ಅವರೆ. ತೀರ ಆಚೆ, ಯಾರೂ ನೀರೆರೆಯದ ಮೂಲೆಯಲ್ಲಿ ಬೇವು, ಬಾರಿ ಗಿಡ, ಒಂದು ಸೀತಾಫಲ. ಹೆಚ್ಚು ನೀರು ಬೇಡುವ ಗಿಡ ನೀರಿನ ಹತ್ತಿರ, ಬೇಡದ ಗಿಡ ದೂರ. ಇಂದಿನ ತೋಟಗಾರಿಕೆ ಪುಸ್ತಕಗಳು ನೀರಿನ ಅಗತ್ಯಕ್ಕೆ ತಕ್ಕಂತೆ ಗಿಡಗಳನ್ನು ಗುಂಪು ಮಾಡಿ ಎಂದು ಹೇಳುವುದು ಇದನ್ನೇ.

ಕಮತಗಿ ನೇಕಾರರ ಊರು. ಒಣಹವೆಯ ಕಾಟ ಕುಣಿಮಗ್ಗದ ಮುಂದೆ ಕೂತವರಿಗೆ ಚೆನ್ನಾಗಿ ಗೊತ್ತು: ಬೇಸಿಗೆಯಲ್ಲಿ ಎಳೆ ಒಣಗಿ ಪಟಪಟ ಹರಿಯುತ್ತದೆ. ಮಗ್ಗದ ಕುಣಿ ನೆಲದೊಳಗಿನ ತಂಪನ್ನೂ ತೇವವನ್ನೂ ಹಿಡಿದಿಡುತ್ತದೆ. ಗಿಡದ ಎಲೆಗೂ ಇದೇ ಕಷ್ಟ. ತಾಪಕ್ಕಿಂತ ಒಣಗಾಳಿಯೇ ಅದನ್ನು ಹೆಚ್ಚು ಹಿಂಡುತ್ತದೆ. ಬೇರು ಎಷ್ಟು ನೀರು ಕಳಿಸಿದರೂ ಎಲೆಯಿಂದ ಆರಿಹೋಗುವ ವೇಗ ಅದಕ್ಕಿಂತ ಹೆಚ್ಚಾದಾಗ ಮಧ್ಯಾಹ್ನ ಎಲೆ ಜೋಲು ಬೀಳುತ್ತದೆ. ಸಂಜೆಗೆ ಅದು ಮತ್ತೆ ಎದ್ದು ನಿಂತರೆ ಮಣ್ಣಿನಲ್ಲಿ ನೀರಿದೆ ಎಂದರ್ಥ. ಬೆಳಗಿನ ಜಾವವೂ ಬಾಡಿಯೇ ಇದ್ದರೆ ನೀರು ಮುಗಿದಿದೆ. ಈ ವ್ಯತ್ಯಾಸ ನೋಡದೆ ಮಧ್ಯಾಹ್ನ ಬಾಡಿದ ಎಲೆ ಕಂಡೊಡನೆ ಪೈಪು ಹಿಡಿಯುವುದು ಮನೆತೋಟಗಳಲ್ಲಿ ದಿನನಿತ್ಯ ಆಗುವ ತಪ್ಪು.

ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಸೇರಿದ ಮೇಲೆ ನವನಗರ ಎದ್ದಿತು. ಒತ್ತಾದ ಓಣಿಗಳಲ್ಲಿ ಬದುಕಿದ ಕುಟುಂಬಗಳಿಗೆ ಸೆಕ್ಟರ್, ಸೈಟು, ಕಂಪೌಂಡು ಬಂದವು. ಕಂಪೌಂಡಿನ ಜತೆಗೆ ಹಿತ್ತಲು ಮನೆಯ ಮುಂದಕ್ಕೆ ಬಂದು ‘ಗಾರ್ಡನ್’ ಆಯಿತು. ಬಚ್ಚಲ ನೀರು ಒಳಚರಂಡಿಗೆ ಹೋಯಿತು, ಗಿಡಕ್ಕೆ ನಲ್ಲಿ ನೀರು ಬಂತು. ಮುಂದಿನ ಅಂಗಳದಲ್ಲಿ ಹುಲ್ಲುಹಾಸು, ಅಂಚಿಗೆ ನರ್ಸರಿಯಿಂದ ತಂದ ಅಲಂಕಾರದ ಗಿಡ, ಉಳಿದ ಜಾಗಕ್ಕೆ ಪೇವರ್. ಕಮತಗಿ, ಇಳಕಲ್ಲಿನ ಹೊಸ ಬಡಾವಣೆಗಳಲ್ಲೂ ಇದೇ ನೋಟ. ಮಳೆಗಾಲದಲ್ಲಿ ಇದು ಚೆಂದವೇ. ಬೇಸಿಗೆಯ ಲೆಕ್ಕ ಹಾಕಿದಾಗಲೇ ತಾಪತ್ರಯ.

ಆ ಲೆಕ್ಕ ಹೀಗಿದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ನೀರೆಂದರೆ ಒಂದು ಲೀಟರ್. ಮೇ ತಿಂಗಳ ಬಿಸಿಲಲ್ಲಿ ಹಸಿರು ಹುಲ್ಲು ದಿನಕ್ಕೆ ಸುಮಾರು 6 ಮಿ.ಮೀ. ನೀರು ಆರಿಸುತ್ತದೆ ಎಂದಿಟ್ಟುಕೊಂಡರೆ, 20 ಚದರ ಮೀಟರ್ ಹುಲ್ಲುಹಾಸಿಗೆ ದಿನಕ್ಕೆ 120 ಲೀಟರ್ ಬೇಕು. ಜಲಜೀವನ ಮಿಷನ್ ಗ್ರಾಮೀಣ ಭಾಗದಲ್ಲಿ ಒಬ್ಬರಿಗೆ ದಿನಕ್ಕೆ ಕೊಡಬೇಕೆಂದು ಇಟ್ಟುಕೊಂಡ ಗುರಿ 55 ಲೀಟರ್. ಎರಡು ಜೀವಗಳ ಪಾಲನ್ನು ಒಂದು ಚಾಪೆಯಗಲದ ಹುಲ್ಲು ಕುಡಿದು ಇನ್ನೂ ಹತ್ತು ಲೀಟರ್ ಕೇಳುತ್ತದೆ. ಪಟ್ಟದಕಲ್ಲಿನ ಗುಡಿಗಳ ಸುತ್ತ ಹಸಿರು ಹುಲ್ಲುಹಾಸು ನೋಡಿದವರಿಗೆ ಮನೆಯ ಮುಂದೂ ಅಂಥದ್ದೊಂದು ಬೇಕೆನಿಸುವುದು ಸಹಜ. ಆದರೆ ಅದು ವಿಶ್ವ ಪರಂಪರೆಯ ತಾಣ. ಅದಕ್ಕೆ ಆಳು, ಪಂಪು, ಪೈಪುಗಳ ವ್ಯವಸ್ಥೆ ಇದೆ. ಸೈಟಿನ ಮನೆಗೆ ಹುಲ್ಲು ಬೇಕೇಬೇಕೆಂದರೆ ಗರಿಕೆ ಇದೆ. ಬೇಸಿಗೆಯಲ್ಲಿ ಅದು ಒಣಗಿ ಕಂದು ತಿರುಗುತ್ತದೆ, ಸಾಯುವುದಿಲ್ಲ. ಮೊದಲ ಮಳೆಗೆ ಗಂಟುಗಂಟಿನಿಂದ ಚಿಗುರುತ್ತದೆ. ಮೂರು ತಿಂಗಳ ಆ ಕಂದು ಬಣ್ಣವನ್ನು ನೋಡುವ ಮನಸ್ಸಿರಬೇಕು, ಅಷ್ಟೆ.

ಎರೆ, ಮಸಾರಿ, ಸವಳು

ಈ ಭಾಗದ ತೋಟದ ಅರ್ಧ ಗುಟ್ಟು ಮಣ್ಣಿನಲ್ಲಿದೆ. ಬಾದಾಮಿ, ಗುಳೇದಗುಡ್ಡದ ಕಡೆ ಕೆಂಪು ಮರಳುಗಲ್ಲಿನ ಬೆಟ್ಟಗಳು. ಅವುಗಳ ಬುಡದಲ್ಲಿ ಉಸುಕು ಬೆರೆತ ಮಸಾರಿ ನೆಲ. ಹುನಗುಂದ, ಕಮತಗಿ ಸುತ್ತ ಬಹುಪಾಲು ಎರೆ. ಇಳಕಲ್ಲ ಹತ್ತಿರ ಕೆಂಪು ಗ್ರಾನೈಟು ಮೇಲೆದ್ದಲ್ಲಿ ಮತ್ತೆ ಮಸಾರಿ, ಗರಸು. ಕೆಲವೇ ಮೈಲುಗಳ ಅಂತರದಲ್ಲಿ ಮಣ್ಣಿನ ಗುಣ ಪೂರ್ತಿ ಬದಲಾಗುವುದರಿಂದ ಬಾದಾಮಿಯಲ್ಲಿ ಗೆದ್ದ ಉಪಾಯ ಕಮತಗಿಯಲ್ಲಿ ಸೋಲಬಹುದು.

ಎರೆಮಣ್ಣು ನೀರನ್ನು ಬಹಳ ಹಿಡಿಯುತ್ತದೆ, ಆದರೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಕೈಗೆ ತೇವ ಹತ್ತುವ ಎರೆಯಲ್ಲೂ ಸಸಿ ಬಾಡಿರುತ್ತದೆ. ಉಳಿದ ನೀರನ್ನು ಜಿಗುಟು ಕಣಗಳು ಬೇರಿಗೆ ಸಿಗದಷ್ಟು ಬಿಗಿಯಾಗಿ ಹಿಡಿದಿರುತ್ತವೆ. ಒದ್ದೆಯಾದಾಗ ಉಬ್ಬುವುದು, ಒಣಗಿದಾಗ ಕುಗ್ಗುವುದು ಅದರ ಇನ್ನೊಂದು ಗುಣ. ಮೇ ತಿಂಗಳ ಬಿರುಕಿನಲ್ಲಿ ಕೈ ಇಳಿಯುವಷ್ಟು ಜಾಗವಿರುತ್ತದೆ. ಆ ಬಿರುಕು ಎಳೆಯ ಬೇರುಗಳನ್ನು ಹರಿಯುತ್ತದೆ, ಒಣಗಾಳಿಯನ್ನು ಆಳಕ್ಕೆ ಒಯ್ದು ಕೆಳಗಿನ ತೇವವನ್ನೂ ಹೀರಿಸುತ್ತದೆ. ಹೊಲದಲ್ಲಿ ಎಡೆ ಹೊಡೆದು ಬಿರುಕು ಮುಚ್ಚುವಂತೆ ಹಿತ್ತಲಲ್ಲೂ ಕುರ್ಚಿಗಿಯಿಂದ ಮೇಲ್ಮಣ್ಣು ಸಡಿಲಿಸಿ ಬಿರುಕು ತುಂಬಬೇಕು. ಸಡಿಲಾದ ಎರಡು ಬೆರಳಿನಷ್ಟು ಪುಡಿಮಣ್ಣು ಮುಚ್ಚಳದ ಕೆಲಸ ಮಾಡುತ್ತದೆ. ಮನೆ ಕಟ್ಟಿಸಿದವರಿಗೆ ಇನ್ನೊಂದು ಮಾತು: ಎರೆ ನೆಲದಲ್ಲಿ ಗೋಡೆಗೆ ಅಂಟಿ ಮಡಿ ಮಾಡಿ ದಿನಾ ನೀರು ನಿಲ್ಲಿಸಿದರೆ ಪಾಯದ ಒಂದು ಮಗ್ಗಲು ಉಬ್ಬಿ ಇನ್ನೊಂದು ಮಗ್ಗಲು ಕುಗ್ಗಿ ಗೋಡೆ ಸೀಳುತ್ತದೆ. ನಾಲ್ಕೈದು ಅಡಿ ಬಿಟ್ಟು ಮಡಿ ಮಾಡುವುದು ಲೇಸು.

ಎರೆಯಲ್ಲಿ ಸುಣ್ಣದ ಅಂಶ ಜಾಸ್ತಿ. ಅಗೆದರೆ ಬಿಳಿ ಸುಣ್ಣಕಲ್ಲಿನ ಹರಳುಗಳೇ ಸಿಗುತ್ತವೆ. ಇಂಥ ನೆಲದಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ದಾಸವಾಳ, ಗುಲಾಬಿ, ಲಿಂಬಿಯ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಾರಣ ಬಹುಮಟ್ಟಿಗೆ ಇದೇ. ನೀರು ಕಡಿಮೆಯಾಯಿತೆಂದು ತಿಳಿದು ಇನ್ನಷ್ಟು ಬೋರ್ ನೀರು ಸುರಿದರೆ ರೋಗ ಬಲಿಯುತ್ತದೆ. ಈ ಸೀಮೆಯ ಬೋರ್ ನೀರು ಅನೇಕ ಕಡೆ ಗಡಸು, ಕೆಲವೆಡೆ ಸವಳು. ಕುಂಡದ ಹೊರಮೈಯಲ್ಲಿ, ಮಡಿಯ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವುದು ನೀರು ಆರಿ ಉಪ್ಪು ಉಳಿದದ್ದರ ಗುರುತು. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದಷ್ಟೂ ಉಪ್ಪು ಮೇಲೇ ಉಳಿಯುತ್ತದೆ. ವಾರಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ಕೊಟ್ಟರೆ ಅದು ಬೇರಿನ ಕೆಳಕ್ಕೆ ಜಾರುತ್ತದೆ, ಬೇರೂ ನೀರಿನ ಬೆನ್ನುಹತ್ತಿ ಕೆಳಗಿಳಿಯುತ್ತದೆ.

ಎರೆಗೂ ಮಸಾರಿಗೂ ಮದ್ದು ಒಂದೇ, ತಿಪ್ಪೆಗೊಬ್ಬರ. ಎರೆಯಲ್ಲಿ ಅದು ಮಣ್ಣನ್ನು ಸಡಿಲಿಸುತ್ತದೆ, ಮಸಾರಿಯಲ್ಲಿ ನೀರು ಹಿಡಿಸುತ್ತದೆ. ಗಿಡದ ಗುಂಡಿಯನ್ನು ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಟ್ಟು, ಮಳೆಗೆ ಮುಂಚೆ ಮೇಲ್ಮಣ್ಣು, ಕಳಿತ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಬೆರೆಸಿ ತುಂಬುವುದು ರೂಢಿ. ಹಿಂಡಿ ಹಾಕುವುದು ಗೆದ್ದಲಿಗೆ ಹೆದರಿ. ಒಣ ನೆಲದಲ್ಲಿ ಗೆದ್ದಲು ಎಳೆಯ ಗಿಡದ ಬೇರಿಗೇ ಬಾಯಿ ಹಾಕುತ್ತದೆ.

ಒಡ್ಡಿನ ಪಾಠ

ತೋಟದ ಚಿತ್ರಗಳಲ್ಲಿ ಮಡಿಗಳು ನೆಲದಿಂದ ಮೇಲೆದ್ದು, ಸುತ್ತ ಇಟ್ಟಿಗೆ ಜೋಡಿಸಿಕೊಂಡು ನಿಂತಿರುತ್ತವೆ. ಅದು ಮಳೆ ಹೆಚ್ಚಿರುವ ಸೀಮೆಯ ರೀತಿ. ಅಲ್ಲಿನ ಚಿಂತೆ ನೀರು ನಿಲ್ಲುವುದು. ಇಲ್ಲಿನ ಚಿಂತೆ ನೀರು ಹೋಗುವುದು. ಆದ್ದರಿಂದ ಮಡಿ ನೆಲಕ್ಕಿಂತ ನಾಲ್ಕು ಬೆರಳು ತಗ್ಗಿನಲ್ಲಿರಬೇಕು, ನಡೆಯುವ ದಾರಿ ಎತ್ತರದಲ್ಲಿರಬೇಕು. ಚಾವಣಿಯಿಂದ, ಪರಸಿಯಿಂದ ಹರಿದ ನೀರೆಲ್ಲ ತಾನಾಗಿ ಮಡಿಗೆ ಇಳಿಯಬೇಕು.

ಹುನಗುಂದದ ಹೊಲಗಳಲ್ಲಿ ಈ ವಿದ್ಯೆ ಬಹಳ ಹಿಂದಿನಿಂದ ಇದೆ. ಎರೆಹೊಲಕ್ಕೆ ಒಡ್ಡು ಹಾಕಿ, ಒಡ್ಡಿನ ನಡುವೆ ಕಲ್ಲಿನ ಕೋಡಿ ಕಟ್ಟಿ, ನೀರನ್ನು ನಿಲ್ಲಿಸಿ ಇಂಗಿಸುವ ಕೆಲಸಕ್ಕೆ ಅಲ್ಲಿನ ನಾಗರಾಳ ಮನೆತನದ ಹೊಲಗಳು ಹೆಸರಾದವು. ಒಣಬೇಸಾಯದವರು ಅವನ್ನು ನೋಡಲು ಹೋಗುತ್ತಾರೆ. ಕೋಡಿಯ ಜಾಣತನ ಗಮನಿಸಬೇಕಾದದ್ದು. ಎರೆಯಲ್ಲಿ ನೀರು ಇಂಗುವುದು ನಿಧಾನ. ಸೆಪ್ಟೆಂಬರ್‌ನ ಜಡಿಮಳೆಯಲ್ಲಿ ಪೂರ್ತಿ ಕಟ್ಟಿಹಾಕಿದರೆ ಒಡ್ಡೇ ಒಡೆಯುತ್ತದೆ, ಇಲ್ಲವೆ ಬೆಳೆ ಕೊಳೆಯುತ್ತದೆ. ಬೇಕಾದಷ್ಟು ನಿಂತು, ಹೆಚ್ಚಾದದ್ದು ಮಣ್ಣು ಕೊಚ್ಚದೆ ಕಲ್ಲಿನ ಮೇಲಿಂದ ಮೆಲ್ಲಗೆ ಇಳಿದು ಮುಂದಿನ ಹೊಲಕ್ಕೆ ಹೋಗಬೇಕು. ಮನೆಯಂಗಳದ ತಗ್ಗು ಮಡಿಗೂ ಇಂಥದೇ ಒಂದು ಕೋಡಿ ಬೇಕು. ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಗಳ ಕೆಂಪು ಕಲ್ಲಿನ ತುಂಡುಗಳನ್ನು ಅಂಚಿಗೆ ಜೋಡಿಸಿ, ಒಂದು ಕಡೆ ಎರಡು ಬೆರಳು ತಗ್ಗು ಬಿಟ್ಟರೆ ಮಡಿಗೆ ಅಂಚೂ ಆಯಿತು, ಕೋಡಿಯೂ ಆಯಿತು.

ಚಾವಣಿಯ ನೀರು ಎಷ್ಟು ಸಿಕ್ಕೀತು? ನೂರು ಚದರ ಮೀಟರ್ ಆರ್‌ಸಿಸಿ ಚಾವಣಿಯ ಮೇಲೆ 550 ಮಿ.ಮೀ. ಮಳೆ ಎಂದರೆ 55,000 ಲೀಟರ್. ಐದರಲ್ಲೊಂದು ಪಾಲು ಹಾಳಾದರೂ 44,000 ಲೀಟರ್ ಕೈಗೆ ಬರುತ್ತದೆ. ಅಷ್ಟನ್ನೂ ಟಾಕಿಯಲ್ಲಿ ಹಿಡಿದಿಡುವುದು ದುಬಾರಿ, ಅದರ ಅಗತ್ಯವೂ ಇಲ್ಲ. ಹೆಚ್ಚಿನದನ್ನು ಮಡಿಗೆ, ಗಿಡದ ಗುಂಡಿಗೆ, ಇಂಗುಗುಂಡಿಗೆ ಬಿಟ್ಟು, ಕೊನೆಯ ಮಳೆಯದನ್ನಷ್ಟೇ ಟಾಕಿಯಲ್ಲಿ ಉಳಿಸಿದರೆ ಸಾಕು. ಲೆಕ್ಕ ದಿನಕ್ಕೆ 30 ಲೀಟರಿನದು: ಮಾರ್ಚ್‌ನಿಂದ ಮೇ ಕೊನೆಯವರೆಗೆ 92 ದಿನಕ್ಕೆ 2,760 ಲೀಟರ್ ಆಗುತ್ತದೆ. ಬೇರು ಇಳಿದ ಹತ್ತು ಹನ್ನೆರಡು ಹಣ್ಣು–ಹೂವಿನ ಗಿಡಗಳನ್ನು ಜೀವಂತ ಉಳಿಸಲು ಇಷ್ಟು ನೀರು ಸಾಕು, ಅದನ್ನು ಬೇರಿಗೇ ಮುಟ್ಟಿಸಿದರೆ. ಮಳೆನೀರಿಗೆ ಉಪ್ಪಿನ ಭಾರ ಇಲ್ಲದಿರುವುದು ಸವಳು ನೀರಿನ ಊರುಗಳಲ್ಲಿ ಸಣ್ಣ ಲಾಭವಲ್ಲ.

ಗಡಿಗೆ, ಹನಿ, ಬಚ್ಚಲು

ಬೇರಿಗೆ ನೀರು ಮುಟ್ಟಿಸುವ ಉಪಾಯಗಳಲ್ಲಿ ಅಗ್ಗದ್ದು ಹೂತ ಗಡಿಗೆ. ಚೀನಾದಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ಕೃಷಿ ಗ್ರಂಥವೊಂದರಲ್ಲೇ ಇದರ ವಿವರಣೆ ಇದೆ. ಕುಂಬಾರರ ಮಣ್ಣಿನ ಗಡಿಗೆ ಬೇಕು. ಬಣ್ಣ ಬಳಿದದ್ದು, ಹೊಳಪು ಕೊಟ್ಟದ್ದು ಆಗದು. ಐದರಿಂದ ಹತ್ತು ಲೀಟರ್ ಹಿಡಿಯುವ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಹಂಚಿನ ತುಂಡು ಇಲ್ಲವೆ ಪರಸಿಯ ಚೂರು ಮುಚ್ಚಬೇಕು. ಮುಚ್ಚದಿದ್ದರೆ ಸೊಳ್ಳೆ ಮನೆ ಮಾಡುತ್ತದೆ, ಓತಿಕ್ಯಾತ ಬಿದ್ದು ಸಾಯುತ್ತದೆ. ಸುತ್ತಲ ಮಣ್ಣು ಒಣಗಿದಂತೆ ಗಡಿಗೆಯ ಮೈಯಿಂದ ನೀರನ್ನು ಎಳೆದುಕೊಳ್ಳುತ್ತದೆ, ತೇವವಾದಂತೆ ಎಳೆತ ತಗ್ಗುತ್ತದೆ. ನೀರು ಬಿಡುವ ನಲ್ಲಿಯೂ ಬೇಡ, ಹೊತ್ತು ನೋಡುವ ಗಡಿಯಾರವೂ ಬೇಡ. ಗಡಿಗೆಯ ಸುತ್ತ ಒಂದು ಗೇಣಿನ ಅಂತರದಲ್ಲಿ ಬದನಿ, ಸವತಿ, ಹೀರಿಯ ಬೀಜ ಊರಿದರೆ ಬೇರು ಗಡಿಗೆಯನ್ನೇ ತಬ್ಬಿಕೊಂಡು ಬೆಳೆಯುತ್ತದೆ. ಬೇಸಿಗೆ ಕಳೆದ ಮೇಲೆ ಅಗೆದು ತೆಗೆದರೆ ಮೈತುಂಬ ಬಿಳಿಬೇರಿನ ಜಾಲ ಹೆಣೆದಿರುವುದು ಕಾಣುತ್ತದೆ.

ಗಡಿಗೆಯ ಶತ್ರು ಗಡಸುನೀರು. ಒಂದೆರಡು ಬೇಸಿಗೆಯಲ್ಲಿ ಸುಣ್ಣ ಕೂತು ರಂಧ್ರ ಮುಚ್ಚುತ್ತವೆ. ತುಂಬಿದ ಗಡಿಗೆ ಮೂರು ನಾಲ್ಕು ದಿನವಾದರೂ ತಗ್ಗದಿದ್ದರೆ ಹೊರತೆಗೆದು ತೆಂಗಿನ ನಾರಿನಿಂದ ಉಜ್ಜಬೇಕು, ಆಗದಿದ್ದರೆ ಬದಲಿಸಬೇಕು. ಕುಡಿಯುವ ನೀರಿನ ಹರವಿ ಹಳತಾಗಿ ತಂಪು ಮಾಡದಂತಾದರೆ ಮನೆಮಂದಿ ಅದನ್ನು ತೋಟಕ್ಕೆ ಒಯ್ಯುವುದುಂಟು. ತಂಪಾಗದ ಹರವಿಯ ರಂಧ್ರಗಳು ಆಗಲೇ ಕಟ್ಟಿಕೊಂಡಿರುತ್ತವೆ, ಅದು ತೋಟಕ್ಕೂ ಉಪಯೋಗವಿಲ್ಲ.

ಹನಿ ನೀರಾವರಿ ಈ ಭಾಗಕ್ಕೆ ಹೊಸದಲ್ಲ. ರಾಮಥಾಳ–ಮರೋಳ ಯೋಜನೆಯಡಿ ಹುನಗುಂದ ಸೀಮೆಯ 24,000 ಹೆಕ್ಟೇರ್ ಹೊಲಕ್ಕೆ ಸಾಮೂಹಿಕ ಹನಿ ನೀರಾವರಿಯ ಜಾಲ ಹಾಕಲಾಗಿದೆ. ಹೀಗಾಗಿ ಲ್ಯಾಟರಲ್ ಪೈಪು, ಡ್ರಿಪ್ಪರ್, ಫಿಲ್ಟರ್ ಎಂಬ ಮಾತುಗಳು ಊರ ಕಟ್ಟೆಯ ಮೇಲೂ ಓಡಾಡುತ್ತವೆ. ಮನೆತೋಟಕ್ಕೆ ಆಳೆತ್ತರದ ಕಟ್ಟೆಯ ಮೇಲೊಂದು ಡ್ರಮ್ಮು, ಅದರಿಂದ ಇಳಿದ ಪೈಪು, ಗಿಡಕ್ಕೊಂದು ಡ್ರಿಪ್ಪರ್ ಸಾಕು, ಪಂಪು ಬೇಡ. ಫಿಲ್ಟರ್ ಮಾತ್ರ ಬಿಡಬಾರದು. ಗಡಸುನೀರು ಇಲ್ಲೂ ತೂತು ಕಟ್ಟುತ್ತದೆ, ಡ್ರಿಪ್ಪರ್ ಕಟ್ಟಿದ್ದು ಗೊತ್ತಾಗುವುದು ಗಿಡ ಬಾಡಿದ ಮೇಲೆಯೇ.

ಇನ್ನು ಬಚ್ಚಲ ನೀರು. ನಾಲ್ಕು ಮಂದಿಯ ಮನೆಯಲ್ಲಿ ಸ್ನಾನ, ಕೈಕಾಲು ತೊಳೆಯುವುದರಿಂದಲೇ ದಿನಾ ನೂರು ಲೀಟರಿಗೆ ಕಡಿಮೆಯಿಲ್ಲದಷ್ಟು ನೀರು ಹೊರಬೀಳುತ್ತದೆ. ಬರಗಾಲದಲ್ಲೂ ನಿಲ್ಲದ ನೀರು ಇದೊಂದೇ. ಸೀಗೆಕಾಯಿ, ಕಡ್ಲಿಹಿಟ್ಟಿನ ಕಾಲದಲ್ಲಿ ಇದರ ಬಗ್ಗೆ ಯೋಚಿಸಬೇಕಾದ್ದೇ ಇರಲಿಲ್ಲ. ಈಗ ಸಾಬೂನು, ಡಿಟರ್ಜೆಂಟ್‌ಗಳ ಸೋಡಿಯಂ ಅದರ ಜತೆ ಬರುತ್ತದೆ. ಎರೆಮಣ್ಣಿಗೆ ಸೋಡಿಯಂ ಸೇರಿದರೆ ಕಣಗಳ ಹೆಣಿಗೆ ಬಿಚ್ಚಿ ಮಣ್ಣು ಕೆಸರಾಗಿ, ಒಣಗಿದಾಗ ಕಲ್ಲಾಗುತ್ತದೆ. ಅದಕ್ಕೇ ಸ್ನಾನದ ನೀರು ತೋಟಕ್ಕೆ, ಬಟ್ಟೆ ಒಗೆದ ಮೊದಲ ನೀರು ಬೇಡ, ಕೊನೆಯ ಜಾಲಿಸಿದ ನೀರು ಪರವಾಗಿಲ್ಲ ಎಂಬ ವಿಂಗಡಣೆ ಬೇಕು. ನೇಕಾರರ ಮನೆಗಳಲ್ಲಿ ಗಂಜಿಯ ನೀರು ಗಿಡಕ್ಕೆ ನಡೆಯುತ್ತದೆ, ನೂಲಿಗೆ ಬಣ್ಣ ಹಾಕಿದ ನೀರು ಖಂಡಿತ ನಡೆಯದು. ಮೋರಿಯ ಬಾಯಿಗೆ ಜಲ್ಲಿ, ಉಸುಕು ತುಂಬಿದ ಸಣ್ಣ ಗುಂಡಿ ಇಟ್ಟರೆ ಎಣ್ಣೆ, ಕೂದಲು, ನೊರೆ ಅಲ್ಲೇ ನಿಲ್ಲುತ್ತವೆ. ಒಂದು ದಿನಕ್ಕಿಂತ ಹೆಚ್ಚು ಹಿಡಿದಿಟ್ಟರೆ ನಾತ ಹಿಡಿಯುತ್ತದೆ. ಬಾಳೆ, ಪಪ್ಪಾಯಿ, ನುಗ್ಗೆ, ದಾಸವಾಳ ಇದನ್ನು ತಾಳಿಕೊಳ್ಳುತ್ತವೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೆಂತ್ಯಕ್ಕೆ ಇದನ್ನು ಹಾಯಿಸಬಾರದು. ವರ್ಷಕ್ಕೊಮ್ಮೆ ಮೋರಿಯ ದಿಕ್ಕು ಬದಲಿಸಿ, ಮೊದಲಿನ ಜಾಗವನ್ನು ಮಳೆಗೆ ತೊಳೆಯಲು ಬಿಡುವುದು ಮಣ್ಣಿಗೆ ಒಳ್ಳೆಯದು.

ಹೊದಿಕೆ ಮತ್ತು ನೆರಳು

ಬರಿ ನೆಲಕ್ಕೆ ಬೀಳುವ ಬಿಸಿಲು ನೀರನ್ನು ಗಿಡಕ್ಕೆ ಮುಟ್ಟುವ ಮೊದಲೇ ಕುಡಿಯುತ್ತದೆ. ಮೂರು ನಾಲ್ಕು ಬೆರಳು ದಪ್ಪದ ಹೊದಿಕೆ ಇದ್ದರೆ ನೆಲ ತಣ್ಣಗಿರುತ್ತದೆ, ಎರೆ ಬಿರಿಯುವುದಿಲ್ಲ, ನೀರಿನ ಸರದಿ ಎರಡು ದಿನದಿಂದ ನಾಲ್ಕು ದಿನಕ್ಕೆ ಸರಿಯುತ್ತದೆ. ಹೊದಿಕೆಗೆ ದುಡ್ಡು ಕೊಡಬೇಕಿಲ್ಲ: ಶೇಂಗಾ ಹೊಟ್ಟು, ದನ ತಿಂದುಳಿದ ಜೋಳದ ಕಣಕಿ, ಕಬ್ಬಿನ ರವದಿ, ಶಿವರಾತ್ರಿಗೆ ಬೇವು ಉದುರಿಸಿದ ಎಲೆ. ಆ ಎಲೆಯನ್ನು ಗುಡಿಸಿ ಬೆಂಕಿ ಹಚ್ಚುವುದು ಊರಿನಲ್ಲಿ ದಿನಾ ಮುಂಜಾನೆಯ ನೋಟ. ನೆಲಕ್ಕೆ ಹೊದಿಕೆ ಬೇಕಾದ ಹೊತ್ತಿಗೇ ಮರ ಹೊದಿಕೆ ಕೊಡುತ್ತದೆ, ಮನುಷ್ಯ ಅದನ್ನು ಸುಡುತ್ತಾನೆ.

ಹೊದಿಕೆಗೂ ಕಾಟಗಳಿವೆ. ಒಣ ಕಣಕಿಗೆ ಗೆದ್ದಲು ಬರುತ್ತದೆ, ತಂಪಿಗೆ ಚೇಳು ಸೇರುತ್ತದೆ. ಗಿಡದ ಕಾಂಡದಿಂದ ನಾಲ್ಕು ಬೆರಳು ಬಿಟ್ಟು ಹಾಸುವುದು, ಮನೆಯ ಗೋಡೆಗೆ ತಾಗಿಸದಿರುವುದು, ಬರಿಗೈಯಲ್ಲಿ ಎತ್ತದಿರುವುದು ಅನುಭವ ಕಲಿಸಿದ ಎಚ್ಚರಿಕೆಗಳು. ಗೆದ್ದಲಿನ ಕಾಟ ಜಾಸ್ತಿ ಇದ್ದಲ್ಲಿ ಕಲ್ಲು–ಗರಸಿನ ಹೊದಿಕೆ ವಾಸಿ. ಕೊಪ್ಪಳ, ಗದಗ ಸೀಮೆಯ ಕೆಲವು ಎರೆಹೊಲಗಳಲ್ಲಿ ಹಳ್ಳದ ಗರಸುಸಹಿತ ಉಸುಕನ್ನು ಹೊಲದ ಮೇಲೆ ಹರಡುವ ರೂಢಿಯಿದೆ. ಮಳೆ ಬಿದ್ದ ನೀರು ಉಸುಕಿನ ಸಂದಿಯಿಂದ ಕೆಳಗಿಳಿಯುತ್ತದೆ, ಮೇಲಿನ ಒಣ ಉಸುಕು ಅದನ್ನು ಆರಲು ಬಿಡುವುದಿಲ್ಲ. ಗಿಡದ ಪಾತಿಗೂ ಇದು ಸಲ್ಲುತ್ತದೆ, ಆದರೆ ನೆರಳಿರುವ ಕಡೆ ಮಾತ್ರ. ಪಡುವಣ ಬಿಸಿಲಿಗೆ ಬಿದ್ದ ಕಲ್ಲು ಕಾದು ರಾತ್ರಿಯೆಲ್ಲ ಬುಡವನ್ನು ಬೇಯಿಸುತ್ತದೆ. ಅಂಗಳಕ್ಕೆಲ್ಲ ಪೇವರ್, ಪರಸಿ ಹಾಸಿದ ಮನೆಗಳು ರಾತ್ರಿ ಹತ್ತಾದರೂ ತಣಿಯದಿರುವುದು ಇದೇ ಕಾರಣಕ್ಕೆ.

ನೆರಳನ್ನು ಯೋಜಿಸುವಾಗ ದಿಕ್ಕು ಮುಖ್ಯ. ಮುಂಜಾನೆಯ ಬಿಸಿಲು ಗಿಡಕ್ಕೆ ಬೇಕು, ಮಧ್ಯಾಹ್ನ ಎರಡರಿಂದ ಐದರವರೆಗಿನದು ಸುಡುತ್ತದೆ. ಆದ್ದರಿಂದ ಮರ, ಚಪ್ಪರ, ಶೇಡ್‌ನೆಟ್ ಯಾವುದೇ ಇರಲಿ, ಪಡುವಣಕ್ಕೆ ಇರಬೇಕು. ಪಡುವಣ ಗೋಡೆಯಿಂದ ಹತ್ತು ಹನ್ನೆರಡು ಅಡಿ ದೂರಕ್ಕೆ ಬೇವು, ಹೊಂಗೆ ಬೆಳೆಸಿದರೆ ತೋಟದ ಜತೆ ಮನೆಯೂ ತಣ್ಣಗಾಗುತ್ತದೆ. ಹೊಂಗೆ ಬೇಸಿಗೆಯ ನಡುವೆಯೇ ಹೊಸ ಎಲೆ ತೊಟ್ಟು ನಿಲ್ಲುವ ಮರ. ಮರ ಬೆಳೆಯುವವರೆಗೆ ಹೀರಿ, ಅವರೆ, ಶಂಖಪುಷ್ಪದ ಬಳ್ಳಿಯ ಚಪ್ಪರ ನೆರವಾಗುತ್ತದೆ. ಅರ್ಧ ಬೆಳಕು ತಡೆಯುವ ಹಸಿರು ನೆಟ್ ತರಕಾರಿ ಮಡಿಗೆ ಸಾಕು. ಅದಕ್ಕಿಂತ ದಟ್ಟವಾದರೆ ಗಿಡ ಬಡಕಲಾಗಿ ಉದ್ದುದ್ದ ಬೆಳೆಯುತ್ತದೆ. ಆಡುಸೋಗೆ, ಮದರಂಗಿಯ ಬೇಲಿ ಗಾಳಿಯ ಬಿಸಿಯನ್ನು ಮುರಿಯುತ್ತದೆ. ಇಟ್ಟಿಗೆಯ ಗಟ್ಟಿ ಗೋಡೆ ಅಷ್ಟು ಕೆಲಸ ಮಾಡದು. ಅದಕ್ಕೆ ಬಡಿದ ಗಾಳಿ ಮೇಲೆದ್ದು ಆಚೆ ಸುಳಿಯಾಗಿ ಇಳಿಯುತ್ತದೆ.

ಮಾಳಿಗೆಯ ಮೇಲಿನ ತೋಟದ ಮಾತು ಬೇರೆ. ಅಲ್ಲಿ ಬಿಸಿಲು ಮೇಲಿಂದಲೂ ಬರುತ್ತದೆ, ಕಾದ ಕಾಂಕ್ರೀಟಿನಿಂದ ಕೆಳಗಿಂದಲೂ ಏರುತ್ತದೆ. ಕಪ್ಪು ಪ್ಲಾಸ್ಟಿಕ್ ಚೀಲದ ಪಡುವಣ ಮೈ ಕೈಯಿಟ್ಟರೆ ಚುರುಕ್ಕೆನ್ನುತ್ತದೆ, ಒಳಗೆ ಆ ಬದಿಯ ಬೇರು ಬೆಂದಿರುತ್ತದೆ. ಚೀಲಕ್ಕೆ ಗೋಣಿತಟ್ಟು ಸುತ್ತುವುದು, ಇಟ್ಟಿಗೆಯ ಮೇಲಿಟ್ಟು ಕೆಳಗೆ ಗಾಳಿಯಾಡಿಸುವುದು, ಕುಂಡಗಳನ್ನು ಒತ್ತೊತ್ತಾಗಿ ಕೂಡಿಸಿ ಒಂದರ ನೆರಳು ಇನ್ನೊಂದಕ್ಕೆ ಬೀಳುವಂತೆ ಮಾಡುವುದು, ಚಾವಣಿಗೆ ಸುಣ್ಣ ಬಳಿಯುವುದು ಅಲ್ಲಿನ ದಾರಿ. ಸಣ್ಣ ಕುಂಡ ಹತ್ತರ ಬದಲು ದೊಡ್ಡದು ಮೂರಿದ್ದರೆ ನೀರು, ಶ್ರಮ ಎರಡೂ ಉಳಿದಾವು.

ಯಾವ ಗಿಡ, ಯಾವಾಗ

ಬಾದಾಮಿಯ ಬನಶಂಕರಿಗೆ ಶಾಕಾಂಬರಿ ಎಂದೂ ಹೆಸರು. ಪುಷ್ಯ ಮಾಸದ ಬನದ ಹುಣ್ಣಿಮೆಯ ಮುನ್ನಾದಿನ ಪಲ್ಯೇದ ಹಬ್ಬ. ಅಂದು ದೇವಿಗೆ 108 ಬಗೆಯ ಕಾಯಿಪಲ್ಯದ ನೈವೇದ್ಯವಾಗುತ್ತದೆ. ಹಬ್ಬ ಬೀಳುವುದು ಸಾಮಾನ್ಯವಾಗಿ ಜನವರಿಯಲ್ಲಿ. ಹಿಂಗಾರಿ ಮಳೆಯ ತೇವ, ಚಳಿಗಾಲದ ಹದ ಎರಡೂ ಕೂಡಿ ತರಕಾರಿ ತುಂಬಿ ತುಳುಕುವ ತಿಂಗಳು ಅದು. ಈ ಸೀಮೆಯ ತರಕಾರಿ ಕಾಲ ಯಾವುದೆಂದು ಹಬ್ಬದ ಪಂಚಾಂಗವೇ ಹೇಳುತ್ತದೆ. ಟೊಮೆಟೊ, ಕೋಸು, ಗಜ್ಜರಿ, ಮೂಲಂಗಿ, ಮೆಂತ್ಯಪಲ್ಯ ಎಲ್ಲ ಅಕ್ಟೋಬರಿನಿಂದ ಫೆಬ್ರುವರಿಯೊಳಗೆ ಮುಗಿಯಬೇಕು. ಏಪ್ರಿಲ್‌ನಲ್ಲಿ ಟೊಮೆಟೊ ಗಿಡ ಹಸಿರಾಗಿಯೇ ನಿಂತಿರುತ್ತದೆ, ಹೂ ಬಿಡುತ್ತದೆ, ಹೂ ಉದುರುತ್ತದೆ. ಹಗಲಿನ ತಾಪ 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಕಾಯಿ ಕಚ್ಚುವುದಿಲ್ಲ. ಅದಕ್ಕೆ ನೀರೆರೆಯುವುದು ವ್ಯರ್ಥ. ಕಿತ್ತು ಹೊದಿಕೆಗೆ ಹಾಕುವುದೇ ಸರಿ.

ಬೇಸಿಗೆಗೆ ತಾಳುವ ತರಕಾರಿಗಳು ಕಡಿಮೆ, ಆದರೆ ಇವೆ. ಚವಳಿಕಾಯಿ, ಬೆಂಡಿ, ಬದನಿ, ನೆಟ್ಟಿನ ಕೆಳಗೆ ಸವತಿ, ಹೀರಿ. ಸೊಪ್ಪಿನಲ್ಲಿ ರಾಜಗಿರಿ, ಪುಂಡಿಪಲ್ಯ, ಬಚ್ಚಲ ಬದಿಯ ಬಸಳಿ. ಗೋಣಿಸೊಪ್ಪು ಬಿತ್ತದೆಯೇ ಬರುತ್ತದೆ. ದಪ್ಪ ಎಲೆ, ದಂಟಿನಲ್ಲಿ ನೀರು ಕೂಡಿಟ್ಟುಕೊಂಡು ಬಿಸಿಲಿಗೆ ಮೈಯೊಡ್ಡಿ ಹರಡುತ್ತದೆ. ಬಹಳ ಮಂದಿ ಅದನ್ನು ಕಳೆಯೆಂದು ಕಿತ್ತೆಸೆದು, ನೂರು ಕೊಡ ನೀರು ಹಾಕಿ ಪಾಲಕ ಬೆಳೆಸಲು ಹೆಣಗುತ್ತಾರೆ. ನುಗ್ಗೆ ಈ ಹವೆಗೆ ಹೇಳಿ ಮಾಡಿಸಿದ ಗಿಡ. ಬಾಗಲಕೋಟೆಯಲ್ಲಿ 2008ರಲ್ಲಿ ಶುರುವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ‘ಭಾಗ್ಯ’ ಎಂಬ ನುಗ್ಗೆ ತಳಿಯನ್ನು ಹೊರತಂದಿದೆ. ಹಣ್ಣಿನ ಗಿಡಗಳಲ್ಲಿ ದಾಳಿಂಬೆ, ಸೀತಾಫಲ, ಬಾರಿ, ಪೇರಲ, ಲಿಂಬಿ ಸಲ್ಲುತ್ತವೆ. ಸೀತಾಫಲ ಬೇಸಿಗೆಯಲ್ಲಿ ಎಲೆ ಉದುರಿಸಿ ಕೊರಡಿನಂತೆ ನಿಂತಾಗ ಸತ್ತಿತೆಂದು ಕಡಿದವರುಂಟು. ಅದು ಸತ್ತಿರುವುದಿಲ್ಲ, ಮಲಗಿರುತ್ತದೆ.

ಹೂವಿಗೇನೂ ಬರವಿಲ್ಲ. ದುಂಡುಮಲ್ಲಿಗೆ ಅರಳುವುದೇ ಬೇಸಿಗೆಯಲ್ಲಿ; ಫೆಬ್ರುವರಿಗೆ ಮುಂಚೆ ಸವರಿ, ಬುಡಕ್ಕೆ ಗೊಬ್ಬರ ಕೊಟ್ಟರೆ ಮಾರ್ಚ್‌ನಿಂದ ಮೊಗ್ಗು. ಕಾಗದದ ಹೂವಿಗೆ ನೀರು ಹೆಚ್ಚಾದರೆ ಎಲೆಯೇ ಜಾಸ್ತಿ, ಒಣಗಿಸಿದರೆ ಹೂವೇ ಜಾಸ್ತಿ. ದೇವಕಣಗಿಲೆ, ನಿತ್ಯಪುಷ್ಪ, ನಂದಿಬಟ್ಟಲು ಮನೆಯವರು ಊರಿಗೆ ಹೋಗಿ ವಾರ ಬಿಟ್ಟು ಬಂದರೂ ನಗುತ್ತಿರುತ್ತವೆ. ಕಣಗಿಲೆಯೂ ಗಟ್ಟಿ ಗಿಡ. ಆದರೆ ಅದರ ಎಲೆ, ಹೂ ಎಲ್ಲ ವಿಷ. ಮಕ್ಕಳು, ಆಡು–ಕುರಿ ಇರುವ ಮನೆಯಲ್ಲಿ ಎಚ್ಚರ ಬೇಕು.

ಬಿಸಿಲು ಏರಿದಂತೆ ಕೆಂಪು ನುಸಿ, ಹಿಟ್ಟು ತಿಗಣೆ ಏರುತ್ತವೆ. ಬಾಯಾರಿದ ಗಿಡವೇ ಅವಕ್ಕೆ ಇಷ್ಟ. ಮುಂಜಾನೆ ಎಲೆಯ ಅಡಿಗೆ ನೀರು ಚಿಮ್ಮಿಸಿದರೆ ನುಸಿ ತಗ್ಗುತ್ತದೆ, ತಿಗಣೆಗೆ ಬೇವಿನೆಣ್ಣೆ–ಸಾಬೂನಿನ ನೀರು. ಬೇಸಿಗೆಯಲ್ಲಿ ರಾಸಾಯನಿಕ ಗೊಬ್ಬರ ಕೊಡುವುದು ಮಾತ್ರ ಗಿಡವನ್ನು ಕೊಂದಂತೆ. ನೀರಿಲ್ಲದ ಮಣ್ಣಿನಲ್ಲಿ ಅದು ಬೇರನ್ನು ಸುಡುತ್ತದೆ, ಬೇಡದ ಎಳೆಚಿಗುರು ತರಿಸುತ್ತದೆ. ಬಾದಾಮಿಯ ಮನೆಗಳಿಗೆ ಇವೆಲ್ಲಕ್ಕಿಂತ ದೊಡ್ಡ ಪೀಡೆ ಮಂಗ. ಬೆಟ್ಟದಲ್ಲಿ ನೀರು ಆರಿದೊಡನೆ ಹಿಂಡು ಊರಿಗಿಳಿಯುತ್ತದೆ. ಪೇರಲ ಹಣ್ಣಾಗುವವರೆಗೆ ಕಾಯುವ ಸೌಜನ್ಯ ಅದಕ್ಕಿಲ್ಲ. ಅಲ್ಲಿನವರು ಹಣ್ಣು ಬಿಟ್ಟು ಕರಿಬೇವು, ಲಿಂಬಿ, ಮಲ್ಲಿಗೆಗೆ ಹೊರಳಿರುವುದರಲ್ಲಿ ಆಶ್ಚರ್ಯವಿಲ್ಲ.

ಹೊಸ ಗಿಡ ನೆಡಲು ಎರಡು ಹದಗಳಿವೆ. ಗಟ್ಟಿ ಮರಗಳ ಸಸಿಯನ್ನು ಜೂನ್‌ನ ಮೊದಲ ಮಳೆಗೆ ನೆಟ್ಟರೆ ಎರಡೂ ಮಳೆಯ ಲಾಭ ಸಿಗುತ್ತದೆ. ಜುಲೈ–ಆಗಸ್ಟ್‌ನ ಬಿಡುವಿನಲ್ಲಿ ಮಾತ್ರ ಕೈನೀರು ಬೇಕು. ನಾಜೂಕಿನ ಕಸಿಗಿಡಗಳಿಗೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲು ಮೇಲು. ಡಿಸೆಂಬರ್ ನಂತರ ನೆಟ್ಟದ್ದು ಮೊದಲ ಬೇಸಿಗೆಗೆ ಬೇರಿಲ್ಲದೆ ಸಿಕ್ಕಿಬೀಳುತ್ತದೆ. ಮೇ ತಿಂಗಳ ಅಡ್ಡಮಳೆಗೆ ಮರುಳಾಗಿ ನರ್ಸರಿಗೆ ಓಡುವವರ ಗಿಡಗಳ ಗತಿಯೂ ಅದೇ. ಆ ಮಳೆಗೆ ಮಾಡಬೇಕಾದ ಕೆಲಸ ಬೇರೆ ಇದೆ: ಚಾವಣಿಯ ಕೊಳವೆಯಲ್ಲಿ ಕೂತ ಕಸ ತೆಗೆಯುವುದು, ಮೊದಲ ನೀರು ಕೊಳೆ ತೊಳೆದುಕೊಂಡು ಹೊರಹೋಗಲು ಬಿಡುವುದು, ಮಡಿಯ ಕೋಡಿ ಸರಿಯಿದೆಯೇ ನೋಡುವುದು. ಮೃಗಶಿರಾ ಕೂಡಿದ ಮೇಲೆ ಬುಡದ ಹೊದಿಕೆಯನ್ನು ಸ್ವಲ್ಪ ಬದಿಗೆ ಸರಿಸಬೇಕು. ಇಲ್ಲದಿದ್ದರೆ ಸಣ್ಣ ಮಳೆಯ ನೀರನ್ನೆಲ್ಲ ಕಣಕಿಯೇ ಕುಡಿದುಬಿಡುತ್ತದೆ. ಒಂದು ಹದ ಮಳೆ ಆಳಕ್ಕಿಳಿದು, ಗುದ್ದಲಿಗೆ ಮೊಳದುದ್ದ ಹಸಿಮಣ್ಣು ಸಿಕ್ಕ ಮೇಲೆ ಹೊದಿಕೆಯನ್ನು ಮತ್ತೆ ಬುಡಕ್ಕೆ ಎಳೆಯುತ್ತಾರೆ.